ಮಿರಜದ ಡಾಕ್ಟರರ ಕೈಗುಣ: ನಿಜವೇನು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ನೆನಪಾಗುವ ಊರುಗಳಲ್ಲಿ ಮಿರಜವೂ ಒಂದು. ಕಾಗವಾಡದಿಂದ 20 ಕಿ.ಮೀ. ಒಳಗೇ ಇದೆ, ರಾಯಬಾಗ, ಶೇಡಬಾಳದಿಂದ ರೈಲೂ ಉಂಟು. ಅಲ್ಲಿನ ಡಾಕ್ಟರರ ಕೈಗುಣ ಚೆನ್ನಾಗಿದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಕೈಗುಣ ಎಂಬುದು ಇದೆಯೇ? ಮಿರಜದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ ಡಾ. ವಿಲಿಯಂ ವಾನ್ಲೆಸ್ ಅವರ ಬದುಕನ್ನು ನೋಡೋಣ.

ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದಲ್ಲಿ. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ, 1889ರಲ್ಲಿ ಅಮೆರಿಕದ ಪ್ರೆಸ್‌ಬಿಟೇರಿಯನ್ ಮಿಷನ್ ವತಿಯಿಂದ ಇತ್ತ ಬಂದರು. ಧರ್ಮಪ್ರಚಾರವೂ ಆ ಮಿಷನ್ನಿನ ಉದ್ದೇಶವಾಗಿತ್ತು, ಅದನ್ನು ನಾವು ಮುಚ್ಚಿಡುವುದಿಲ್ಲ. ಮೊದಲು ಸಾಂಗ್ಲಿಯಲ್ಲಿ ಸಣ್ಣ ದವಾಖಾನೆ, 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ.

ಆಗ ಕಣ್ಣಿನ ಪೊರೆಗೆ ಊರೂರು ತಿರುಗುವ ವೈದ್ಯರು ಸೂಜಿ ಚುಚ್ಚಿ, ಪೊರೆಯನ್ನು ಕಣ್ಣೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ಒಡನೆ ಬೆಳಕು ಕಂಡಂತಾಗುತ್ತಿತ್ತು. ಸೂಜಿ ಶುದ್ಧವಿರದೆ ಕೀವಾಗಿ ಎಷ್ಟೋ ಕಣ್ಣುಗಳು ಪೂರ್ತಿ ಹೋಗುತ್ತಿದ್ದವು. ವಾನ್ಲೆಸ್ ಪೊರೆಯನ್ನು ಆಪರೇಷನ್ ಮಾಡಿ ಹೊರತೆಗೆದರು. ಕೈ ತೊಳೆಯುವುದು, ಸಲಕರಣೆ ಕುದಿಸುವುದು, ಗಾಯಕ್ಕೆ ಶುದ್ಧ ಬಟ್ಟೆ ಕಟ್ಟುವುದು: ರೋಗಾಣುಗಳ ಬಗ್ಗೆ ಆಗಷ್ಟೇ ಹುಟ್ಟಿದ್ದ ತಿಳಿವಳಿಕೆ ಇದು. ನೋಡುವವರಿಗೆ ಕೈಗುಣವೆಂದು ಕಾಣುವುದು ಇದೇ.

ಕೈಗುಣವಾಗಿದ್ದರೆ ಅದನ್ನು ಇನ್ನೊಬ್ಬರಿಗೆ ಕಲಿಸಲು ಬರುವುದಿಲ್ಲ. ವಾನ್ಲೆಸ್ ಕಲಿಸಿದರು. 1897ರಲ್ಲಿ ಮಿರಜದಲ್ಲೇ ವೈದ್ಯಕೀಯ ಶಾಲೆ ತೆರೆದು ಇಲ್ಲಿನ ತರುಣರನ್ನು ತಯಾರು ಮಾಡತೊಡಗಿದರು. ಒಬ್ಬ ಸರ್ಜನ್ನಿಗೆ ಇರುವುದು ಎರಡೇ ಕೈ. ಸಲಕರಣೆ ಕುದಿಸುವವರು, ರಾತ್ರಿ ಗಾಯ ನೋಡುವವರು ಬೇಕು. ಆಸ್ಪತ್ರೆಯಿಲ್ಲದ ಊರಿನಲ್ಲಿ ಹೋಗಿ ಕೂರುವವರೂ ಬೇಕು. ಕ್ಲೋರೋಫಾರ್ಮ್ ಸ್ವಲ್ಪ ಹೆಚ್ಚಾದರೂ ರೋಗಿಯ ಉಸಿರು ನಿಲ್ಲಬಹುದು, ಅದಕ್ಕಂತೂ ಕಲಿತವರೇ ಆಗಬೇಕು. ಇಂದು ವಿದೇಶದಿಂದ ಎರಡು ವಾರಕ್ಕೆ ಬಂದು ಶಿಬಿರ ಮಾಡಿ ಹೋಗುವ ಸ್ವಯಂಸೇವಕ ವೈದ್ಯರಿಗೂ ನಾವು ಕೇಳಬೇಕಾದ್ದು ಇದನ್ನೇ: ನೀವು ವಿಮಾನ ಹತ್ತಿದ ಮೇಲೆ ಹೊಲಿಗೆ ಬಿಚ್ಚುವವರು ಯಾರು?

ವಾನ್ಲೆಸ್ ಎರಡು ವಾರಕ್ಕಲ್ಲ, ಸುಮಾರು 40 ವರ್ಷ ಇದ್ದರು. ಕುಷ್ಠರೋಗಿಗಳಿಗೂ ಕ್ಷಯರೋಗಿಗಳಿಗೂ ಬೇರೆ ಬೇರೆ ಆಶ್ರಯ ಕಟ್ಟಿಸಿದರು. 1928ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು. 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಸಾಂಗ್ಲಿ–ಮಿರಜ ನಡುವಿನ ವಾನ್ಲೆಸ್‌ವಾಡಿ ಅವರದೇ ಹೆಸರಿನದು.

ಅಂದಹಾಗೆ, ಉಳ್ಳಾಗಡ್ಡಿ ರಸ, ಜೇನುತುಪ್ಪದ ಹನಿಯಿಂದ ಪೊರೆ ಕರಗುತ್ತದೆ ಎಂಬ ಫಾರ್ವರ್ಡ್ ಸುಳ್ಳು. ಪೊರೆ ಎಂದರೆ ಕಣ್ಣೊಳಗಿನ ಮಸೂರವೇ ಮಬ್ಬಾಗುವುದು. ಯಾವ ಹನಿಯೂ ಅದನ್ನು ತಿಳಿಯಾಗಿಸದು. ಇವತ್ತಿಗೂ ದಾರಿ ಆಪರೇಷನ್ನೇ. ಅದಕ್ಕೀಗ ಮಿರಜದ ರೈಲು ಹತ್ತಲೇಬೇಕೆಂದೇನಿಲ್ಲ.