ತುತ್ತೂರಿಯ ಮಾಂತ್ರಿಕ ಚಿಕ್ ಚಾಕೊಲೇಟ್

ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡಿನ ಹಿರಿಯರ, ಕವಿಗಳ, ದಾಸಶರಣರ ಚರಿತ್ರೆಗಳು ಬರುವುದು ವಾಡಿಕೆ, ಅದು ಉಚಿತವೂ ಹೌದು. ಬ್ಯಾಂಕಿನ ಲೆಜರಿನಲ್ಲಿ ಜಮಾಖರ್ಚು ಬರೆಯುವ ನಮಗೆ ಅಂಥವರನ್ನು ಕುರಿತು ಬರೆಯುವ ಪಾಂಡಿತ್ಯವಿಲ್ಲ. ಆದ್ದರಿಂದ ಕನ್ನಡಿಗರಲ್ಲದ, ಗ್ರಂಥಕರ್ತರೂ ಅಲ್ಲದ ಒಬ್ಬ ವಾದ್ಯಗಾರರ ಕಥೆಯನ್ನು ಹೇಳಹೊರಟಿದ್ದೇವೆ. ಓದುಗರು ಮನ್ನಿಸಬೇಕು. ನಮ್ಮ ಹಿರಿಯರು ಯಾವ ಮುಂಬಯಿಗೆ ಹೊಟ್ಟೆಪಾಡಿಗೆಂದು ಬಂದರೋ ಅದೇ ಮುಂಬಯಿಗೆ ನೆರೆಯ ಗೋವೆಯಿಂದ ಅದೇ ಹೊಟ್ಟೆಪಾಡಿಗೆ ಬಂದವರು ಅವರು. ಅವರ ಊದು ನಮ್ಮೆಲ್ಲರ ಕಿವಿಯಲ್ಲಿದೆ, ಅವರ ಹೆಸರು ಮಾತ್ರ ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ನಮ್ಮ ಅಜ್ಜಯ್ಯ ಕುಂದಾಪುರದ ಕಡೆಯಿಂದ ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕನ್ನಡದ ರಾತ್ರಿಶಾಲೆ. ಆ ದಿನಗಳಲ್ಲಿ ಅವರು ಕಡಮೆ ದರದ ಬೆಂಚಿನ ಮೇಲೆ ಕುಳಿತು ನೋಡಿದ ಹಿಂದಿ ಚಿತ್ರ 'ಅಲಬೇಲಾ'. ನಾವು ಚಿಕ್ಕವರಿದ್ದಾಗ ಗಣೇಶನ ಮೆರವಣಿಗೆಯ ಬ್ಯಾಂಡಿನವರು ಆ ಚಿತ್ರದ ಹಾಡನ್ನು ಎತ್ತಿಕೊಂಡರೆ ಸಾಕು, ಅಜ್ಜಯ್ಯ ನಮ್ಮ ಕೈ ಹಿಡಿದುಕೊಂಡೇ ನಿಂತುಬಿಡುತ್ತಿದ್ದರು. ಹಾಡಿನ ನಡುವೆ ತುತ್ತೂರಿ ಏಳುವ ಕಡೆ ಅವರ ಮುಖ ಅರಳುತ್ತಿತ್ತು. ಮೂಲದಲ್ಲಿ ಅದನ್ನು ಊದಿದವರು ಯಾರೆಂದು ಒಮ್ಮೆ ಕೇಳಿದೆವು. ಅವರಿಗೆ ಗೊತ್ತಿರಲಿಲ್ಲ. ಹಾಡಿದವರು, ಕುಣಿದವರು, ರಾಗ ಕಟ್ಟಿದವರು ಎಲ್ಲರ ಹೆಸರೂ ಅವರ ನಾಲಗೆಯ ತುದಿಯಲ್ಲಿತ್ತು, ಊದಿದವರದು ಮಾತ್ರ ಇರಲಿಲ್ಲ. ಅಜ್ಜಯ್ಯ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಆ ಹೆಸರು ನಮಗೆ ಸಿಕ್ಕಿತು.

ಅವರ ನಿಜನಾಮ ಆಂಟೋನಿಯೊ ಶಾವಿಯರ್ ವಾಜ್. ೧೯೧೬ರಲ್ಲಿ ಗೋವೆಯ ಬಾರ್ದೇಶ ತಾಲೂಕಿನ ಆಲ್ದೋನಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಗೋವೆ ಪೋರ್ತುಗೀಜರ ಕೈಯಲ್ಲಿತ್ತು. ಅಲ್ಲಿನ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಅಕ್ಷರದೊಡನೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಕಲಿಸುತ್ತಿದ್ದರು. ಪೂಜೆಯಲ್ಲಿ ಹಾಡುವುದಕ್ಕೂ ಹಬ್ಬದಲ್ಲಿ ಪಿಟೀಲು ಬಾರಿಸುವುದಕ್ಕೂ ಊರಿಗೆ ಜನ ಬೇಕಾಗಿತ್ತು. ಹೀಗಾಗಿ ಬಡವರ ಮಕ್ಕಳೂ ಸ್ವರಲಿಪಿಯನ್ನು ಪತ್ರ ಓದುವಷ್ಟು ಸಲೀಸಾಗಿ ಓದಬಲ್ಲವರಾದರು. ಈ ಒಂದು ವಿದ್ಯೆ ಮುಂದೆ ಸಾವಿರಾರು ಗೋವೆಯವರಿಗೆ ಅನ್ನವಾಯಿತು. ಆಂಟೋನಿಯೊನ ತಾಯಿಗೆ ಮಗ ಮೆಕ್ಯಾನಿಕ್ಕನಾಗಿ ಮರ್ಯಾದೆಯಿಂದ ನಾಲ್ಕು ಕಾಸು ಸಂಪಾದಿಸಲೆಂಬ ಆಸೆ. ಮಗನ ಮನಸ್ಸು ಇದ್ದದ್ದು ಸಂಗೀತದಲ್ಲಿ. ಈ ಜಗಳ ಯಾವ ಮನೆಯಲ್ಲಿಲ್ಲ? ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ನಮಗೂ ಇದು ಅಪರಿಚಿತವಲ್ಲ.

ಗೋವೆಯಲ್ಲಿ ವಿದ್ಯೆಯಿತ್ತು, ಸಂಬಳ ಕೊಡುವವರಿರಲಿಲ್ಲ. ಮುಂಬಯಿಯ ಧೋಬಿ ತಲಾವ್, ಮಝಗಾಂವ್ ಕಡೆಗಳಲ್ಲಿ ಗೋವೆಯ ಒಂದೊಂದು ಊರಿನವರೂ ಒಂದೊಂದು 'ಕೂಡ್' ಕಟ್ಟಿಕೊಂಡಿದ್ದರು. ಗೋಡೆಯ ಪಕ್ಕದಲ್ಲಿ ಸಾಲಾಗಿ ಟ್ರಂಕುಗಳು, ಒಂದು ಕಡೆ ದೇವರ ಪೀಠ, ನೆಲದ ಮೇಲೆ ಚಾಪೆ. ಹಡಗಿಗೆ ಹೋಗುವ ಖಲಾಸಿಗಳಿಗೂ ಅಡಿಗೆಯವರಿಗೂ ವಾದ್ಯಗಾರರಿಗೂ ಅದೇ ಬಿಡಾರ. ಹೋಟೆಲಿನ ಅಟ್ಟದ ಮೇಲೆ ಮಲಗಿ ಬೆಳೆದ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆಗಿನ ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ಪ್ರತಿರಾತ್ರಿ ಕುಣಿತ. ಅದಕ್ಕೆ ಜಾಝ್ ಎಂಬ ಅಮೇರಿಕೆಯ ನೀಗ್ರೋ ಜನರ ಸಂಗೀತ ಬೇಕಾಗಿತ್ತು. ೧೯೩೫ರಲ್ಲಿ ಲಿಯಾನ್ ಆಬಿ ಎಂಬವರು ತಮ್ಮ ಮೇಳದೊಡನೆ ತಾಜ್‌ಮಹಲ್ ಹೋಟೆಲಿಗೆ ಬಂದರು. ಅವರ ಹಿಂದೆಯೇ ತುತ್ತೂರಿಯ ಕ್ರಿಕೆಟ್ ಸ್ಮಿತ್, ಪಿಯಾನೋದ ಟೆಡ್ಡಿ ವೆದರ್‌ಫರ್ಡ್ ಮುಂತಾದವರು ಬಂದು ನಿಂತರು. ತಮ್ಮ ನಾಡಿನಲ್ಲಿ ವರ್ಣದ್ವೇಷದಿಂದ ನೊಂದ ಈ ಕಲಾವಿದರಿಂದ ನಮ್ಮ ಗೋವೆಯ ಹುಡುಗರು ಕಾಗದದ ಮೇಲೆ ಬರೆಯಲಾಗದ ಪಾಠವನ್ನು ಕಲಿತರು. ಸ್ವರಲಿಪಿ ಹೇಳುವುದು ಯಾವ ಸ್ವರವನ್ನು ಊದಬೇಕೆಂಬುದನ್ನಷ್ಟೆ. ಆ ಸ್ವರವನ್ನು ನಗಿಸುವುದು ಹೇಗೆ, ಅಳಿಸುವುದು ಹೇಗೆ ಎಂಬುದನ್ನು ಕೇಳಿಯೇ ಕಲಿಯಬೇಕು.

ಆಂಟೋನಿಯೊ ಮೊದಲು ಸ್ಪಾಟ್‌ಲೈಟ್ಸ್ ಎಂಬ ಮೇಳದಲ್ಲಿದ್ದರು. ೧೯೪೫ರ ವೇಳೆಗೆ 'ಚಿಕ್ ಅಂಡ್ ದಿ ಮ್ಯೂಸಿಕ್ ಮೇಕರ್ಸ್' ಎಂಬ ತಮ್ಮದೇ ಮೇಳವನ್ನು ಕಟ್ಟಿ, ಪೋಟಿಗೆ ಬಂದ ಹಲವು ಮೇಳಗಳನ್ನು ಹಿಂದಿಕ್ಕಿ, ಅಪೋಲೋ ಬಂದರಿನ ಗ್ರೀನ್ಸ್ ಹೋಟೆಲಿನ ಕರಾರನ್ನು ಗಳಿಸಿದರು. ಆ ಹೋಟೆಲು ಈಗಿಲ್ಲ. ೧೯೭೩ರಲ್ಲಿ ತೆರೆದ ತಾಜ್ ಹೋಟೆಲಿನ ಎತ್ತರದ ಹೊಸ ಕಟ್ಟಡ ನಿಂತಿರುವುದು ಅದರ ಜಾಗದಲ್ಲಿ. ಆ ಹೊತ್ತಿಗೆ ಆಂಟೋನಿಯೊ ವಾಜ್ ಎಂಬ ಹೆಸರು ಮರೆಯಾಗಿ ಚಿಕ್ ಚಾಕೊಲೇಟ್ ಎಂಬುದೇ ಊರೆಲ್ಲ ಹಬ್ಬಿತ್ತು.

ಅವರ ಊದಿನಲ್ಲಿ ಅಂಥ ವಿಶೇಷವೇನಿತ್ತು? ಇದನ್ನು ತಿಳಿಯಬೇಕಾದರೆ ವಾದ್ಯವನ್ನು ಸ್ವಲ್ಪ ತಿಳಿಯಬೇಕು. ತುತ್ತೂರಿ, ಅಂದರೆ ಟ್ರಂಪೆಟ್, ಸುತ್ತಿಟ್ಟ ಹಿತ್ತಾಳೆಯ ಕೊಳವೆ. ಬಿಚ್ಚಿ ಅಳೆದರೆ ಸುಮಾರು ಒಂದೂವರೆ ಮೀಟರು ಉದ್ದ. ಅದಕ್ಕೆ ಗುಂಡಿಗಳು ಮೂರೇ ಮೂರು. ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಗೆ ಒಂದು ಸ್ವರ, ಬೆರಳಿಟ್ಟರೆ ತಾನಾಗಿ ನುಡಿಯುತ್ತದೆ. ತುತ್ತೂರಿಯಲ್ಲಿ ಹಾಗಲ್ಲ. ಬೆರಳು ಕದಲದಿದ್ದರೂ ತುಟಿಯನ್ನು ಬಿಗಿದರೆ ಮೇಲಿನ ಸ್ವರ, ಸಡಿಲಿಸಿದರೆ ಕೆಳಗಿನ ಸ್ವರ. ನಾದ ಹುಟ್ಟುವುದು ಊದುವವನ ತುಟಿಯ ಅದುರಿನಿಂದಲೇ. ಆದ್ದರಿಂದ ಅದು ನಮ್ಮ ನಾಗಸ್ವರದ ಹಾಗೆ ಮೈಯೊಳಗಿಂದ ಬರುವ ವಾದ್ಯ. ಊದುವವನು ದಣಿದಿದ್ದರೆ ಕೇಳುವವನಿಗೆ ತಿಳಿಯುತ್ತದೆ, ಅಂಜಿದರೂ ತಿಳಿಯುತ್ತದೆ.

ಚಿಕ್ ಅವರ ಆದರ್ಶ ಅಮೇರಿಕೆಯ ಲೂಯಿ ಆರ್ಮ್‌ಸ್ಟ್ರಾಂಗ್. ಆತನ ಹಾಗೆಯೇ ಗೊಗ್ಗರು ದನಿಯಲ್ಲಿ ಹಾಡುತ್ತಿದ್ದರು, ಆತನ ಹಾಗೆಯೇ ಕೈಯಲ್ಲಿ ಬಿಳಿಯ ಕರವಸ್ತ್ರ ಹಿಡಿಯುತ್ತಿದ್ದರು. ಜನ ಅವರನ್ನು ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎಂದೇ ಕರೆದರು. ಇದು ಬರಿಯ ಅನುಕರಣವೆಂದು ಮೂಗು ಮುರಿಯುವವರಿರಬಹುದು. ಆದರೆ ಹಾಡಿನ ನಡುವೆ ಅವರಿಗೆ ಸಿಗುತ್ತಿದ್ದ ಅಲ್ಪಾವಕಾಶವನ್ನು ನೆನೆಯಬೇಕು. ಒಂದು ಚರಣ ಮುಗಿದು ಮತ್ತೊಂದು ಮೊದಲಾಗುವ ಮುನ್ನ ಕೆಲವೇ ಮಾತ್ರೆಗಳ ಕಾಲ. ಅಷ್ಟರೊಳಗೆ ತುತ್ತೂರಿ ಬಂದು ಕೆಣಕಿ, ನಕ್ಕು, ಹಾಡುವವರಿಗೆ ದಾರಿಬಿಟ್ಟು ಹಿಂದೆ ಸರಿಯಬೇಕು. ಹೆಚ್ಚು ಮಾತಾಡದೆ ಹೇಳಬೇಕಾದ್ದನ್ನು ಹೇಳಿ ಮುಗಿಸುವವನ ಮಾತಿನಂತೆ ಇದು. ಅನುಕರಣದಿಂದ ಇಷ್ಟು ಬಾರದು.

ಹೋಟೆಲಿನಿಂದ ಅವರು ಚಿತ್ರಪಟದ ಕಡೆ ತಿರುಗಿದ್ದಕ್ಕೆ ಕಾಲವೂ ಕಾರಣ. ೧೯೪೭ರಲ್ಲಿ ಆಂಗ್ಲರು ಹೊರಟುಹೋದರು, ರಾಜಮಹಾರಾಜರ ವೈಭವ ಇಳಿಯಿತು. ೧೯೪೯ರ ಕಾನೂನಿನಿಂದ ಮುಂಬಯಿ ಪ್ರಾಂತದಲ್ಲಿ ಪಾನನಿರೋಧ ಬಂತು. ಕುಣಿತದ ಕೋಣೆಗಳು ಬಣಗುಟ್ಟತೊಡಗಿದವು. ಅದೇ ಕಾಲಕ್ಕೆ ಹಿಂದಿ ಚಿತ್ರಗಳಿಗೆ ದೊಡ್ಡ ವಾದ್ಯವೃಂದಗಳು ಬೇಕಾದವು. ಸಂಗೀತ ನಿರ್ದೇಶಕರು ಬಹುಮಟ್ಟಿಗೆ ಹಾರ್ಮೋನಿಯಮ್ಮಿನ ಮೇಲೆ ರಾಗ ಹಾಕುವವರು. ಆ ರಾಗಕ್ಕೆ ಯಾವ ವಾದ್ಯ ಎಲ್ಲಿ ಬರಬೇಕು, ಪಿಟೀಲಿನವರು ಏನು ಬಾರಿಸಬೇಕು, ತುತ್ತೂರಿ ಎಲ್ಲಿ ಏಳಬೇಕು ಎಂಬುದನ್ನು ಸ್ವರಲಿಪಿಯಲ್ಲಿ ಬರೆದು ಹಂಚುವ ಸಹಾಯಕರು ಬೇಕಾಗಿದ್ದರು. ಇಗರ್ಜಿಯ ಶಾಲೆಯಲ್ಲಿ ಕಲಿತ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ಸೆಬಾಸ್ಟಿಯನ್ ಡಿಸೋಜಾ, ಆಂಟನಿ ಗೋನ್ಸಾಲ್ವಿಸ್, ಫ್ರಾಂಕ್ ಫರ್ನಾಂಡ್ ಮೊದಲಾದ ಗೋವೆಯವರು ಈ ಕೆಲಸದಲ್ಲಿ ತೊಡಗಿದರು. ಚಿಕ್ ಅವರು ಸಿ. ರಾಮಚಂದ್ರರ ಸಹಾಯಕರಾದರು. ಆಗ ಹಾಡುವವರೂ ಬಾರಿಸುವವರೂ ಒಟ್ಟಿಗೆ ನಿಂತು ಮುದ್ರಿಸುವ ಕ್ರಮ. ಒಬ್ಬನು ತಪ್ಪಿದರೆ ಎಲ್ಲರೂ ಮೊದಲಿನಿಂದ ಶುರುಮಾಡಬೇಕು. ನಮ್ಮ ಬ್ಯಾಂಕಿನಲ್ಲಿ ಒಂದು ಪೈಸೆ ತಾಳೆಯಾಗದಿದ್ದರೆ ಎಲ್ಲರೂ ರಾತ್ರಿಯವರೆಗೆ ಕೂರುವ ಹಾಗೆ!

೧೯೫೦ರಲ್ಲಿ ಬಂದ 'ಸಮಾಧಿ' ಚಿತ್ರದ 'ಗೋರೇ ಗೋರೇ' ಹಾಡು ಈ ಜೋಡಿಯ ಕೆಲಸ. ದಕ್ಷಿಣ ಅಮೇರಿಕೆಯ ಕಡೆಯ ಕುಣಿತದ ಲಯವನ್ನು ಹಿಂದಿ ಹಾಡಿಗೆ ಹೊಂದಿಸಿದ್ದಾರೆ. ಕನ್ನಡಿಗರಾದ ನಮಗೆ ಇದರಲ್ಲೊಂದು ಅಭಿಮಾನದ ಸಂಗತಿಯಿದೆ. ಆ ಹಾಡನ್ನು ಲತಾ ಮಂಗೇಶಕರರೊಡನೆ ಹಾಡಿದವರು ನಮ್ಮ ಅಮೀರ್‌ಬಾಯಿ ಕರ್ನಾಟಕಿ. ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಬಂದ ಆಕೆ ತನ್ನ ಹೆಸರಿನ ಜೊತೆಗೇ ನಾಡಿನ ಹೆಸರನ್ನು ಹೊತ್ತು ಮುಂಬಯಿಯಲ್ಲಿ ಮೆರೆದವರು, ೧೯೬೫ರಲ್ಲಿ ತೀರಿಕೊಂಡವರು. ಕನ್ನಡ ರಾಜ್ಯ ಒಂದಾಗುವುದಕ್ಕೆ ಆರು ವರ್ಷ ಮೊದಲೇ ಬೀಳಗಿಯ ಕಂಠ, ಮರಾಠಿ ನಾಡಿನ ರಾಗ, ಆಲ್ದೋನಾದ ಜಾಣ್ಮೆ ಮೂರೂ ಒಂದೇ ಹಾಡಿನಲ್ಲಿ ಕೂಡಿದ್ದವು. ಮುಂಬಯಿಯ ದೊಡ್ಡತನವೆಂದರೆ ಇದೇ ಅಲ್ಲವೇ?

೧೯೫೧ರಲ್ಲಿ 'ಅಲಬೇಲಾ' ಬಂತು. ಭಗವಾನ್‌ದಾದಾ ಅವರೇ ನಿರ್ದೇಶಿಸಿ ಗೀತಾಬಾಲಿಯೊಡನೆ ನಟಿಸಿದ ಚಿತ್ರ. 'ಶೋಲಾ ಜೋ ಭಡ್ಕೆ' ಹಾಡಿನಲ್ಲಿ ಬೊಂಗೊ, ಕ್ಲಾರಿಯೋನೆಟ್, ತುತ್ತೂರಿಗಳ ಮೇಳವನ್ನು ಕೇಳಿದವರು ಮರೆಯಲಾರರು. ಈ ಚಿತ್ರದಲ್ಲಿ ಚಿಕ್ ಅವರೂ ಅವರ ಮೇಳದವರೂ ಝಾಲರಿನ ಅಂಗಿ ತೊಟ್ಟು ತೆರೆಯ ಮೇಲೆಯೇ ಕಾಣಿಸಿಕೊಂಡರು. ಅಂದರೆ ನಮ್ಮ ಅಜ್ಜಯ್ಯ ಅವರನ್ನು ಕಣ್ಣಾರೆ ಕಂಡಿದ್ದರು, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಅದೇ ೧೯೫೧ರಲ್ಲಿ 'ನಾದಾನ್', ೧೯೫೨ರಲ್ಲಿ 'ರಂಗೀಲಿ' ಚಿತ್ರಗಳಿಗೆ ಚಿಕ್ ಅವರು ಸ್ವತಂತ್ರವಾಗಿ ಸಂಗೀತ ಕೊಟ್ಟರು. 'ನಾದಾನ್' ಚಿತ್ರಕ್ಕೆ ತಲತ್ ಮೆಹಮೂದರಿಂದ ಹಾಡಿಸಿದ ಒಂದು ಪ್ರೇಮಗೀತವನ್ನು ಹಳೆಯ ಹಾಡಿನ ರಸಿಕರು ಈಗಲೂ ಮೆಚ್ಚುತ್ತಾರೆ. ಅದರಲ್ಲಿ ಕುಣಿತದ ಗದ್ದಲವಿಲ್ಲ, ಬರಿಯ ಮಾರ್ದವ. ಆದರೆ ನಿರ್ದೇಶಕರಾಗಿ ಅವರು ಬಹುಕಾಲ ನಿಲ್ಲಲಿಲ್ಲ. ಮತ್ತೆ ಹೋಟೆಲು, ಮತ್ತೆ ಸ್ಟೂಡಿಯೋ, ಮತ್ತೆ ಇನ್ನೊಬ್ಬರ ಹಾಡಿಗೆ ತಮ್ಮ ಉಸಿರು.

ಇಲ್ಲಿ ನಮ್ಮೊಳಗಿನ ಲೆಕ್ಕಿಗ ಒಂದು ಮಾತು ಹೇಳದೆ ಇರಲಾರ. ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವರ ಹೆಸರಿತ್ತು, ಚಿತ್ರದ ಹೆಸರಿತ್ತು, ಸಂಗೀತ ನಿರ್ದೇಶಕರ ಹೆಸರಿತ್ತು. ವಾದ್ಯಗಾರರ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಅವರಿಗೆ ಆ ಹೊತ್ತಿನ ಕೂಲಿ, ಅಲ್ಲಿಗೆ ಖಾತೆ ಮುಗಿಯಿತು. ಹಾಡು ಮುಂದೆ ಎಷ್ಟು ಸಲ ಮೊಳಗಿದರೂ ಅವರ ಪಾಲಿಗೆ ಜಮೆಯಿಲ್ಲ. ೧೯೫೭ರ ಕೃತಿಸ್ವಾಮ್ಯದ ಕಾನೂನಿನಲ್ಲಿ ಹಾಡುವವರ, ಬಾರಿಸುವವರ ಹಕ್ಕಿನ ಮಾತೇ ಇರಲಿಲ್ಲ. ಅಂಥ ಹಕ್ಕು ಕಾನೂನಿಗೆ ಬಂದದ್ದು ೧೯೯೪ರ ತಿದ್ದುಪಡಿಯಿಂದ, ರಾಯಧನದ ಮಾತು ಸೇರಿದ್ದು ೨೦೧೨ರಲ್ಲಿ. ಅಷ್ಟು ಹೊತ್ತಿಗೆ ಆ ತಲೆಮಾರಿನ ಬಹುಮಂದಿ ಮಣ್ಣಾಗಿದ್ದರು. ಕಾನೂನಿನ ಮಾತು ಒತ್ತಟ್ಟಿಗಿರಲಿ, ಹೆಸರನ್ನು ಬರೆಯುವುದಕ್ಕೆ ಯಾವ ಕಾನೂನು ಬೇಕಾಗಿತ್ತು?

೧೯೬೬ರಲ್ಲಿ ಚೇತನ್ ಆನಂದರ 'ಆಖ್ರೀ ಖತ್' ಚಿತ್ರ ಬಂತು. ಖಯ್ಯಾಮರ ಸಂಗೀತ. ತರುಣ ಭೂಪಿಂದರ್ ಹಾಡಿದ ರಾತ್ರಿಕೂಟದ ಹಾಡೊಂದರಲ್ಲಿ ಚಿಕ್ ಅವರು ತುತ್ತೂರಿ ಹಿಡಿದು ಮತ್ತೊಮ್ಮೆ ತೆರೆಗೆ ಬಂದರು. ಇಲ್ಲಿ 'ಅಲಬೇಲಾ'ದ ತುಂಟತನವಿಲ್ಲ. ತುತ್ತೂರಿ ಮೆಲ್ಲಗೆ, ನಡುರಾತ್ರಿಯಲ್ಲಿ ಒಬ್ಬನೇ ಮಾತಾಡಿಕೊಳ್ಳುವವನ ಹಾಗೆ ನುಡಿಯುತ್ತದೆ. ಅದಾದ ಕೆಲವೇ ತಿಂಗಳಿಗೆ, ೧೯೬೭ರ ಮೇ ತಿಂಗಳಲ್ಲಿ, ಅವರು ತೀರಿಕೊಂಡರು. ವಯಸ್ಸು ಐವತ್ತರ ಆಸುಪಾಸು. ತಾವು ಹುಟ್ಟಿದ ಗೋವೆ ೧೯೬೧ರ ಡಿಸೆಂಬರಿನಲ್ಲಿ ಬಿಡುಗಡೆಯಾದುದನ್ನು ಕಂಡು ಹೋದರು.

ಅವರು ಬಿಟ್ಟುಹೋದದ್ದೇನು? ಹಿಂದಿ ಚಿತ್ರದಲ್ಲಿ ಆನಂದಕ್ಕೆ, ಚೇಷ್ಟೆಗೆ, ರಾತ್ರಿಯ ಬೆಳಕಿಗೆ ತುತ್ತೂರಿಯೇ ದನಿಯೆಂಬ ವಾಡಿಕೆ ಅವರ ಕಾಲದಲ್ಲಿ ಬೇರೂರಿತು. ಮುಂದಿನ ತಲೆಮಾರಿನ ನಿರ್ದೇಶಕರೆಲ್ಲ ಆ ವಾಡಿಕೆಯನ್ನು ಬೆಳೆಸಿದರು. ಕೊನೆಗೆ ಅದು ಮದುವೆಯ ಬ್ಯಾಂಡಿಗೂ ಗಣೇಶನ ಮೆರವಣಿಗೆಗೂ ಇಳಿದುಬಂತು. ಶ್ರೀಮಂತರ ಕುಣಿತದ ಕೋಣೆಯ ಸಂಗೀತ ಚಾಳಿನ ಬಾಗಿಲಿಗೆ ಬಂದು ನಮ್ಮ ಅಜ್ಜಯ್ಯನ ಮುಖ ಅರಳಿಸಿತು. ಇದಕ್ಕಿಂತ ದೊಡ್ಡ ಸ್ಮಾರಕ ಯಾವ ಕಲಾವಿದನಿಗೆ ಬೇಕು?

ಆದರೂ ಒಂದು ಕೊರಗು ಉಳಿಯುತ್ತದೆ. ನಮ್ಮ ಸಂಘದ ವಾರ್ಷಿಕೋತ್ಸವಗಳಲ್ಲಿ ಎಷ್ಟು ನಾಟಕಗಳಾದವು, ಎಷ್ಟು ಗಾಯನಗಳಾದವು! ಪಾತ್ರಧಾರಿಗಳ ಹೆಸರು ಅಚ್ಚಾಯಿತು, ಅತಿಥಿಗಳ ಭಾವಚಿತ್ರ ಅಚ್ಚಾಯಿತು. ಪರದೆಯ ಹಿಂದೆ ಹಾರ್ಮೋನಿಯಂ ಹಿಡಿದವರು, ಕಚೇರಿ ಮುಗಿಸಿ ಲೋಕಲ್ ಗಾಡಿಯಲ್ಲಿ ತಬಲ ಹೊತ್ತು ತಂದವರು, ಮಕ್ಕಳಿಗೆ ನಾಡಗೀತೆ ಕಲಿಸಿದ ತಾಯಂದಿರು ಯಾರೆಂದು ಕೇಳಿದರೆ ನಮ್ಮ ಹಳೆಯ ಸಂಚಿಕೆಗಳಲ್ಲಿ ಉತ್ತರವಿಲ್ಲ. ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಒಂದು ಪುಟವನ್ನು ಅವರ ಹೆಸರುಗಳಿಗಾಗಿ ತೆಗೆದಿಡೋಣ. ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿ ಬರೆದುಕೊಳ್ಳುವ ಗುಮಾಸ್ತಿಕೆಯನ್ನು ನಾವೇ ವಹಿಸಿಕೊಳ್ಳುತ್ತೇವೆ. ಲೆಜರು ಬರೆಯುವ ಕೈಗೆ ಇದೇನೂ ಭಾರವಲ್ಲ.