ಪ್ರೊಫೆಸರ್ ಮೇಡಂ ಕ್ಯೂರಿ



ಮೇಡಂ ಕ್ಯೂರಿ ಅಂದ ಕೂಡಲೇ ನೀವೆಲ್ಲ ರೇಡಿಯಂ ಅಂತೀರಿ. ನನಗೂ ಅಷ್ಟೇ ಗೊತ್ತಿತ್ತು. ಆದರೆ ಅವರು ಪಾಠ, ಪ್ರಯೋಗ, ಮನೆ, ಮಕ್ಕಳು ಎಲ್ಲವನ್ನೂ ಹೇಗೆ ನಡೆಸಿದರು ಅನ್ನೋದನ್ನ ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಅವರು ಹುಟ್ಟಿದ್ದು 1867ನೇ ಇಸವಿ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ಪಟ್ಟಣದಲ್ಲಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಮಾನ್ಯಾ. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಮಾನ್ಯಾಗೆ ಹತ್ತು ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಆಗ ವಾರ್ಸಾವನ್ನು ರಷ್ಯಾದವರು ಆಳುತ್ತಿದ್ದರು. ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಓದಬೇಕಾದರೆ ಪ್ಯಾರಿಸ್ಸಿಗೆ ಹೋಗಬೇಕು, ಅದಕ್ಕೆ ದುಡ್ಡಿಲ್ಲ.

ಆಗ ಅಕ್ಕ ತಂಗಿ ಇಬ್ಬರೂ ಒಂದು ಮಾತು ಮಾಡಿಕೊಂಡರು. ಮೊದಲು ಅಕ್ಕ ಬ್ರೋನ್ಯಾ ಪ್ಯಾರಿಸ್ಸಿಗೆ ಹೋಗಿ ಡಾಕ್ಟರ್ ಓದುವುದು, ಮಾನ್ಯಾ ದುಡಿದು ಹಣ ಕಳಿಸುವುದು. ಆಮೇಲೆ ಅಕ್ಕ ತಂಗಿಗೆ ಸಹಾಯ ಮಾಡುವುದು. ಮಾನ್ಯಾ ದೂರದ ಹಳ್ಳಿಯಲ್ಲಿ ಒಬ್ಬ ಸ್ಥಿತಿವಂತರ ಮನೆಯ ಮಕ್ಕಳಿಗೆ ಪಾಠ ಹೇಳಲು ಸೇರಿದರು. ಬಿಡುವಿನಲ್ಲಿ ಅಲ್ಲಿನ ರೈತರ ಮಕ್ಕಳಿಗೂ ಪೋಲಿಷ್ ಅಕ್ಷರ ಕಲಿಸಿದರು. ಸರ್ಕಾರಕ್ಕೆ ಗೊತ್ತಾಗಿದ್ದರೆ ಶಿಕ್ಷೆಯಾಗುತ್ತಿತ್ತು. ಹೀಗೆ ಕಾದು ಕಾದು 1891ರಲ್ಲಿ ಅವರ ಸರದಿ ಬಂತು.

ನಮ್ಮ ಅಕ್ಕ ಏಳನೇ ತರಗತಿಗೇ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಾಳೆ. ನನ್ನ ನೋಟ್ ಪುಸ್ತಕ, ಪೆನ್ನು ಎಲ್ಲ ಅವಳದೇ ದುಡ್ಡು. ಈ ಭಾಗವನ್ನು ರಾತ್ರಿ ಅವಳಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ಇನ್ನೊಂದು ಸಲ ಓದಿಸಿದಳು.

ಪ್ಯಾರಿಸ್ಸಿನಲ್ಲಿ ಅವರು 1893ರ ಭೌತಶಾಸ್ತ್ರ ಪರೀಕ್ಷೆಯಲ್ಲಿ ಮೊದಲನೆಯವರಾದರು, ಮುಂದಿನ ವರ್ಷ ಗಣಿತದಲ್ಲಿ ಎರಡನೆಯವರು. 1895ರಲ್ಲಿ ಪಿಯರ್ ಕ್ಯೂರಿ ಎಂಬ ವಿಜ್ಞಾನಿಯ ಜೊತೆ ಮದುವೆಯಾಯಿತು. ಮದುವೆಗೆ ಹಾಕಿಕೊಂಡಿದ್ದು ಕಡುನೀಲಿ ಬಟ್ಟೆ, ಆಮೇಲೆ ಪ್ರಯೋಗಶಾಲೆಗೂ ಅದೇ. ಉಡುಗೊರೆ ಬಂದ ದುಡ್ಡಿನಲ್ಲಿ ಎರಡು ಸೈಕಲ್ ಕೊಂಡು ಗಂಡ ಹೆಂಡತಿ ಊರೂರು ಸುತ್ತಿದರು!

1897ರಲ್ಲಿ ಐರೀನ್ ಹುಟ್ಟಿದಳು. ಮಗುವಿನ ತೂಕ ಎಷ್ಟು, ಹಲ್ಲು ಯಾವತ್ತು ಬಂತು, ಮನೆ ಖರ್ಚು ಎಷ್ಟಾಯ್ತು, ಎಲ್ಲವನ್ನೂ ಮೇಡಂ ಬರೆದಿಡುತ್ತಿದ್ದರು. ಹಣ್ಣಿನ ಜಾಮ್ ಮಾಡಿದರೆ ಹಣ್ಣು ಎಷ್ಟು ಸಕ್ಕರೆ ಎಷ್ಟು ಅಂತ ಅದಕ್ಕೂ ಲೆಕ್ಕ. ಪ್ರಯೋಗದ ಲೆಕ್ಕ ಬರೆದ ಹಾಗೇ! ಮಗುವನ್ನು ನೋಡಿಕೊಂಡವರು ಮಾವ. ಅವರು ಇರದಿದ್ದರೆ ರೇಡಿಯಂ ಸಿಗುತ್ತಿತ್ತೋ ಇಲ್ಲವೋ ಅಂತ ನನಗೆ ಅನ್ನಿಸುತ್ತೆ.

1898ರಲ್ಲಿ ಪೊಲೋನಿಯಂ, ರೇಡಿಯಂ ಎರಡನ್ನೂ ಗಂಡ ಹೆಂಡತಿ ಕಂಡುಹಿಡಿದರು. ಆದರೆ ರೇಡಿಯಂ ಬೇರೆ ಮಾಡಿ ತೋರಿಸಬೇಕಲ್ಲ. ಮಳೆ ಬಂದರೆ ಸೋರುವ ಒಂದು ಹಳೇ ಕೊಟ್ಟಿಗೆಯಂಥ ಜಾಗದಲ್ಲಿ ಟನ್ನುಗಟ್ಟಲೆ ಅದಿರನ್ನು ಕುದಿಸಿ, ತಮ್ಮಷ್ಟೇ ಎತ್ತರದ ಕಬ್ಬಿಣದ ಕೋಲಿನಿಂದ ಅವರೇ ತಿರುವಿದರು. 1902ರಲ್ಲಿ ಸಿಕ್ಕಿದ್ದು ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಇದರ ಮಧ್ಯೆ ಶಿಕ್ಷಕಿಯರಾಗುವ ಹುಡುಗಿಯರ ಕಾಲೇಜಿಗೆ ಹೋಗಿ ಪಾಠವನ್ನೂ ಮಾಡಿ ಬರುತ್ತಿದ್ದರು. 1903ರಲ್ಲಿ ನೊಬೆಲ್ ಬಹುಮಾನ ಬಂತು. ಮೊದಲು ಇವರ ಹೆಸರನ್ನೇ ಬಿಟ್ಟಿದ್ದರಂತೆ, ಪಿಯರ್ ಕೇಳಿದ ಮೇಲೆ ಸೇರಿಸಿದರು.

1906ರ ಏಪ್ರಿಲ್ 19. ಮಳೆ ಬರುತ್ತಿತ್ತು. ರಸ್ತೆಯಲ್ಲಿ ಕುದುರೆ ಗಾಡಿಯ ಕೆಳಗೆ ಸಿಕ್ಕಿ ಪಿಯರ್ ತೀರಿಕೊಂಡರು. ಚಿಕ್ಕ ಮಗಳು ಈವ್‌ಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. ಸರ್ಕಾರ ಪಿಂಚಣಿ ಕೊಡುತ್ತೇವೆ ಅಂದರೂ ಮೇಡಂ ಬೇಡವೆಂದು ದುಡಿಯುವ ದಾರಿ ಹಿಡಿದರು. ವಿಶ್ವವಿದ್ಯಾನಿಲಯ ಗಂಡನ ಪಾಠದ ಕೆಲಸವನ್ನು ಇವರಿಗೇ ಕೊಟ್ಟಿತು. ಸೊರ್ಬಾನಿನಲ್ಲಿ ಪಾಠ ಮಾಡಿದ ಮೊದಲ ಮಹಿಳೆ ಇವರೇ. ನವೆಂಬರ್ 5ರಂದು ಮೊದಲ ಪಾಠ. ನೋಡಲು ಜನವೋ ಜನ. ಗಂಡನ ಬಗ್ಗೆ ಮಾತಾಡುತ್ತಾರೆ, ಅಳುತ್ತಾರೆ ಅಂತ ಎಲ್ಲರೂ ಕಾಯುತ್ತಿದ್ದರು. ಮೇಡಂ ಬಂದವರೇ ಪಿಯರ್ ಪಾಠ ನಿಲ್ಲಿಸಿದ್ದ ಜಾಗದಿಂದಲೇ ಶುರು ಮಾಡಿ, ಮುಗಿಸಿ, ಹೊರಟುಹೋದರು.

ಮಕ್ಕಳು ದಿನವಿಡೀ ತರಗತಿಯಲ್ಲಿ ಮುದುರಿ ಕೂರುವುದು ಅವರಿಗೆ ಇಷ್ಟವಿರಲಿಲ್ಲ. ಪ್ರೊಫೆಸರುಗಳೆಲ್ಲ ಸೇರಿ ತಮ್ಮ ಮಕ್ಕಳಿಗೆ ತಾವೇ ಒಂದೊಂದು ಪಾಠ ಹೇಳಿಕೊಟ್ಟರು. ಮೇಡಂ ಭೌತಶಾಸ್ತ್ರ. ಸೈಕಲ್ ಬೇರಿಂಗ್ ಗುಂಡನ್ನು ಶಾಯಿಯಲ್ಲಿ ಅದ್ದಿ ಇಳಿಜಾರು ಹಲಗೆಯ ಮೇಲೆ ಉರುಳಿಸಿದರೆ ಅದೇ ಬಾಗಿದ ಗೆರೆ ಬರೆಯುತ್ತೆ. ನಾವು ಮೂವರು ಸೈಕಲ್ ಶಾಪಿನಿಂದ ಗುಂಡು ತಂದು ಮಾಡಿದೆವು. ಮೊದಲು ಬರೀ ಶಾಯಿ ಚೆಲ್ಲಿತು, ನಾಲ್ಕನೇ ಸಲ ಗೆರೆ ಬಂತು. ಆ ಕಾಗದವನ್ನು ಕೆಳಗೆ ಅಂಟಿಸಿದ್ದೇವೆ, ನೋಡಿ.

1911ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲಿ ಅವರನ್ನು ಸೋಲಿಸಿದರು. 1979ರವರೆಗೂ ಅಲ್ಲಿ ಒಬ್ಬ ಹೆಂಗಸೂ ಪೂರ್ಣ ಸದಸ್ಯಳಾಗಲಿಲ್ಲ. ಓದಿ ನನಗೆ ಸಿಟ್ಟು ಬಂತು. ಅದೇ ವರ್ಷ ಅವರಿಗೆ ಎರಡನೇ ನೊಬೆಲ್ ಬಂತು. ಮಹಾಯುದ್ಧದಲ್ಲಿ ಎಕ್ಸರೇ ಯಂತ್ರವನ್ನು ಮೋಟಾರು ಗಾಡಿಯಲ್ಲಿ ಇಟ್ಟುಕೊಂಡು ಗಾಯಾಳು ಸೈನಿಕರ ಹತ್ತಿರ ಹೋದರು. ಐರೀನಳೂ ಆ ಕೆಲಸಕ್ಕೆ ಸೇರಿದಳು.

ರೇಡಿಯಂನ ಕಿರಣ ಮೈಗೆ ಎಷ್ಟು ಕೆಟ್ಟದ್ದು ಅಂತ ಆಗ ಸರಿಯಾಗಿ ತಿಳಿದಿರಲಿಲ್ಲ. 1934ರ ಜುಲೈ 4ರಂದು ರಕ್ತದ ಕಾಯಿಲೆಯಿಂದ ಅವರು ತೀರಿಕೊಂಡರು. ಮರುವರ್ಷ ಐರೀನ್ ಮತ್ತು ಅವಳ ಗಂಡನಿಗೆ ನೊಬೆಲ್ ಬಂತು. ಮೇಡಂ ಬರೆದ ಪ್ರಯೋಗದ ನೋಟ್ ಪುಸ್ತಕಗಳಲ್ಲಿ ಇವತ್ತಿಗೂ ಆ ಕಿರಣ ಇದೆ. ಪ್ಯಾರಿಸ್ಸಿನಲ್ಲಿ ಅವನ್ನು ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.