ಹೆರಾಲ್ಡ್ ರಿಡ್ಲಿ

ಕಣ್ಣಿನ ಪಾಪೆಯ ಹಿಂಬದಿಯಲ್ಲಿ ಒಂದು ಪಾರದರ್ಶಕ ಮಸೂರವಿದೆ. ವಯಸ್ಸಾದಂತೆ ಅದು ಮಬ್ಬಾಗಿ ಬೆಳಕಿಗೆ ಅಡ್ಡವಾಗುವುದನ್ನೇ ನಾವು ಪೊರೆ ಬರುವುದು ಎನ್ನುತ್ತೇವೆ. ಮಬ್ಬಾದ ಮಸೂರವನ್ನು ಕೊಯ್ದು ಹೊರತೆಗೆಯುವ ಶಸ್ತ್ರಚಿಕಿತ್ಸೆಯನ್ನು ಫ್ರಾನ್ಸಿನ ವೈದ್ಯ ಜಾಕ್ ದಾವಿಯೆಲ್ 1747ರಷ್ಟು ಹಿಂದೆಯೇ ಮಾಡಿದ್ದರು. ಆದರೆ ತೆಗೆದ ಮಸೂರದ ಸ್ಥಳ ಬರಿದಾಗಿಯೇ ಉಳಿಯುತ್ತಿತ್ತು. ಆ ಕೊರತೆಯನ್ನು ತುಂಬಲು ರೋಗಿಯು ಬಹಳ ದಪ್ಪ ಗಾಜಿನ ಕನ್ನಡಕವನ್ನು ಧರಿಸಬೇಕಾಗಿತ್ತು. ಅದರಿಂದ ವಸ್ತುಗಳು ಸುಮಾರು ಕಾಲುಭಾಗದಷ್ಟು ಹಿಗ್ಗಿ ಕಾಣುತ್ತಿದ್ದವು. ಒಂದೇ ಕಣ್ಣಿಗೆ ಚಿಕಿತ್ಸೆಯಾಗಿದ್ದರೆ ಎರಡು ಕಣ್ಣುಗಳ ನೋಟ ಒಂದಾಗಿ ಕೂಡುತ್ತಲೇ ಇರಲಿಲ್ಲ. ಕನ್ನಡನಾಡಿನ ಹಳ್ಳಿಗಳಲ್ಲಿ ಡಾ. ಎಂ. ಸಿ. ಮೋದಿಯವರ ಶಿಬಿರಗಳಿಂದ ಕಣ್ಣು ಪಡೆದು ಬಂದ ಅನೇಕ ಹಿರಿಯರು ಇಂತಹ ಕನ್ನಡಕವನ್ನು ಧರಿಸುತ್ತಿದ್ದುದನ್ನು ಕಂಡವರು ಇಂದಿಗೂ ಇದ್ದಾರೆ.

ಈ ಬರಿದಾದ ಸ್ಥಳದಲ್ಲಿ ಹೊಸ ಮಸೂರವನ್ನಿಟ್ಟವರು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. ಅವರು 1906ನೆಯ ಇಸವಿ ಜುಲೈ 10ರಂದು ಲೀಸ್ಟರ್‌ಷೈರಿನ ಕಿಬ್‌ವರ್ತ್ ಹಾರ್ಕೋರ್ಟ್ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆಯೂ ನೇತ್ರವೈದ್ಯರಾಗಿದ್ದರು. ರಿಡ್ಲಿ ಕೇಂಬ್ರಿಡ್ಜಿನಲ್ಲಿ ಓದಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣವನ್ನು ಮುಗಿಸಿ, ಅಲ್ಲಿಯೂ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯಲ್ಲಿಯೂ ಶಸ್ತ್ರವೈದ್ಯರಾದರು.

ಎರಡನೆಯ ಮಹಾಯುದ್ಧದ ಕಾಲ. 1940ರ ಆಗಸ್ಟ್ ತಿಂಗಳಿನಲ್ಲಿ ಗಾರ್ಡನ್ ಕ್ಲೀವರ್ ಎಂಬ ತರುಣ ವಿಮಾನಚಾಲಕನು ರಕ್ಷಕ ಕನ್ನಡಕವಿಲ್ಲದೆ ಯುದ್ಧವಿಮಾನವನ್ನು ಹಾರಿಸುತ್ತಿದ್ದನು. ಶತ್ರುವಿನ ಗುಂಡು ತಗುಲಿ ವಿಮಾನದ ಮೇಲಿನ ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಿಗೆ ಸಿಡಿದು, ಅದರ ಚೂರುಗಳು ಅವನ ಎರಡು ಕಣ್ಣುಗಳನ್ನೂ ಹೊಕ್ಕವು. ಅವನು ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡನು. ಆದರೆ ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಚೂರುಗಳು ಹಾಗೆಯೇ ಉಳಿದವು. ಇಂತಹ ಗಾಯಾಳುಗಳನ್ನು ಪರೀಕ್ಷಿಸುತ್ತಿದ್ದ ರಿಡ್ಲಿ ಒಂದು ವಿಚಿತ್ರವನ್ನು ಗಮನಿಸಿದರು. ಕಣ್ಣಿನೊಳಗೆ ಪರವಸ್ತು ಹೊಕ್ಕರೆ ಊತವೂ ಉರಿಯೂ ತಪ್ಪದೆಂಬುದು ವೈದ್ಯರ ಅನುಭವ. ಪರ್ಸ್‌ಪೆಕ್ಸ್ ಚೂರಾದರೋ ಸೂಕ್ಷ್ಮಭಾಗಗಳಿಗೆ ಮೊನೆ ತಾಗದಿದ್ದಲ್ಲಿ ವರ್ಷಗಟ್ಟಲೆ ಸುಮ್ಮನೆ ಇದ್ದುಬಿಡುತ್ತಿತ್ತು. ಕಣ್ಣು ಅದನ್ನು ಹಗೆಯೆಂದು ಬಗೆಯಲಿಲ್ಲ.

ಯುದ್ಧವು ರಿಡ್ಲಿಯವರನ್ನು ಆಫ್ರಿಕಾದ ಗೋಲ್ಡ್ ಕೋಸ್ಟಿಗೂ ಬರ್ಮಾ ದೇಶಕ್ಕೂ ಕರೆದೊಯ್ದಿತು. ಹಿಂದಿರುಗಿದ ಮೇಲೆ ಒಮ್ಮೆ ಅವರು ಪೊರೆಯನ್ನು ತೆಗೆಯುತ್ತಿದ್ದಾಗ ನೋಡುತ್ತ ನಿಂತಿದ್ದ ವಿದ್ಯಾರ್ಥಿಯೊಬ್ಬನು, ತೆಗೆದ ಮಸೂರಕ್ಕೆ ಬದಲಾಗಿ ಬೇರೊಂದನ್ನು ಇಡಲಾಗದಲ್ಲಾ ಎಂದು ಮರುಗಿದನಂತೆ. ರಿಡ್ಲಿಯವರ ಮನಸ್ಸಿನಲ್ಲಿ ಮೊದಲೇ ಹೊಗೆಯಾಡುತ್ತಿದ್ದ ಯೋಚನೆ ಆ ಮಾತಿನಿಂದ ಹೊತ್ತಿಕೊಂಡಿತು. ರೇನರ್ ಸಂಸ್ಥೆಯ ಜಾನ್ ಪೈಕ್ ಎಂಬ ದೃಕ್‌ತಜ್ಞರೊಡನೆ ಸಮಾಲೋಚಿಸಿ, ಅದೇ ಪರ್ಸ್‌ಪೆಕ್ಸಿನ ಶುದ್ಧರೂಪದಿಂದ ಮಸೂರವನ್ನು ಸಿದ್ಧಪಡಿಸಿದರು. 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಮಹಿಳೆಯೊಬ್ಬರಿಗೆ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಮಸೂರವನ್ನು ಶಾಶ್ವತವಾಗಿ ನೆಲೆಗೊಳಿಸಿದ್ದು 1950ರ ಫೆಬ್ರವರಿ 8ರಂದು.

ಮಸೂರವೇನೋ ಕಣ್ಣಿನಲ್ಲಿ ನಿಂತಿತು. ಆದರೆ ಅಳತೆ ತಪ್ಪಿತ್ತು. ಸಹಜ ಮಸೂರದ ಆಕಾರವನ್ನು ಅನುಸರಿಸಿ ಅದನ್ನು ರೂಪಿಸಿದ್ದರು. ಪರ್ಸ್‌ಪೆಕ್ಸಾದರೋ ಸಹಜ ಮಸೂರಕ್ಕಿಂತ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಪರಿಣಾಮವಾಗಿ ಆ ಮಹಿಳೆಗೆ 18 ಡಯಾಪ್ಟರಿನಷ್ಟು ಸಮೀಪದೃಷ್ಟಿ ಉಂಟಾಯಿತು. ರಿಡ್ಲಿ ಧೈರ್ಯಗೆಡದೆ ಮುಂದಿನ ಮಸೂರಗಳ ಬಾಗನ್ನು ತಿದ್ದಿದರು.

ಅಳತೆಯ ಈ ತೊಡಕು ಇಂದಿಗೂ ಪೂರ್ತಿಯಾಗಿ ನೀಗಿಲ್ಲ. ಈಗ ಕಣ್ಣಿನ ಉದ್ದವನ್ನು ಬೆಳಕಿನ ಕಿರಣದಿಂದಲೇ ಅಳೆದು ಮಸೂರವನ್ನು ಆರಿಸುತ್ತಾರೆ; ಆದರೂ ಕೆಲವರಲ್ಲಿ ಅರ್ಧವೋ ಒಂದೋ ಡಯಾಪ್ಟರಿನ ದೋಷ ಉಳಿಯುವುದುಂಟು. ದೂರಕ್ಕೂ ಹತ್ತಿರಕ್ಕೂ ನೋಟ ಕೊಡುವಂತೆ ಬೆಳಕನ್ನು ಹಂಚುವ ಬಹುಸಂಗಮ ಮಸೂರಗಳಲ್ಲಿ ಇಷ್ಟು ಸಣ್ಣ ದೋಷವೂ ನೋಟವನ್ನು ಕೆಡಿಸುತ್ತದೆ. ಆಗ ಮಸೂರವನ್ನು ಮುಟ್ಟದೆ, ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ಲೇಸರ್ ಕಿರಣದಿಂದ ಕೂದಲೆಳೆಗಿಂತಲೂ ತೆಳುವಾಗಿ ಸವೆಸಿ ಬಾಗನ್ನು ಸರಿಪಡಿಸುವುದು ಒಂದು ಉಪಾಯ. ಕಾರ್ನಿಯಾ ತೆಳ್ಳಗಿದ್ದವರಿಗೆ ಇದು ಹೊಂದದು. ಸುತ್ತಲಿನ ಭಾಗವನ್ನು ಸುಡದೆ ಜೀವಕೋಶಗಳ ಪದರವನ್ನು ತೆಗೆಯುವ ಆ ಲೇಸರಿನ ಗುಣವನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಕಂಡುಕೊಂಡವರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಒಬ್ಬರು. ರಿಡ್ಲಿಯವರ ಮೊದಲ ರೋಗಿಗೆ ಇಂತಹ ಸೌಲಭ್ಯವಾವುದೂ ಇರಲಿಲ್ಲ.

ಸಾಕಷ್ಟು ರೋಗಿಗಳ ಫಲಿತಾಂಶ ಕೈಸೇರುವವರೆಗೆ ವಿಷಯವನ್ನು ಗುಟ್ಟಾಗಿಡಬೇಕೆಂದು ರಿಡ್ಲಿ ಬಯಸಿದ್ದರು. ಆದರೆ ಒಬ್ಬ ರೋಗಿಯು ಹೆಸರಿನ ಗೊಂದಲದಿಂದ ಫ್ರೆಡರಿಕ್ ರಿಡ್ಲಿ ಎಂಬ ಬೇರೊಬ್ಬ ನೇತ್ರವೈದ್ಯರ ಬಳಿಗೆ ಹೋದುದರಿಂದ ಗುಟ್ಟು ಬಯಲಾಯಿತು. 1951ರ ಜುಲೈನಲ್ಲಿ ಆಕ್ಸ್‌ಫರ್ಡಿನ ನೇತ್ರವೈದ್ಯರ ಸಮ್ಮೇಳನಕ್ಕೆ ರಿಡ್ಲಿ ತಮ್ಮ ರೋಗಿಗಳನ್ನು ಕರೆತಂದರು. ಸಭೆಯಲ್ಲಿ ಆದರ ದೊರೆಯಲಿಲ್ಲ. ಆ ಕಾಲದ ಅಗ್ರಗಣ್ಯ ನೇತ್ರತಜ್ಞರಾದ ಸರ್ ಸ್ಟ್ಯುವರ್ಟ್ ಡ್ಯೂಕ್-ಎಲ್ಡರ್ ಆ ರೋಗಿಗಳ ಕಣ್ಣುಗಳನ್ನು ನೋಡಲೂ ಒಪ್ಪಲಿಲ್ಲ. ಕಣ್ಣಿನಿಂದ ಪರವಸ್ತುವನ್ನು ತೆಗೆಯುವುದು ವೈದ್ಯನ ಧರ್ಮವಾಗಿರುವಾಗ, ಇವರು ಪರವಸ್ತುವನ್ನು ಒಳಗಿಡಲು ಹೊರಟಿದ್ದರು. ವಿರೋಧಿಗಳೆಲ್ಲರೂ ಅಸೂಯೆಯಿಂದಲೇ ವಿರೋಧಿಸಿದರೆಂದು ಹೇಳುವುದು ನ್ಯಾಯವಲ್ಲ. ಆಗಿನ ಮಸೂರಗಳು ಭಾರವಾಗಿದ್ದು, ಕೆಲವರಲ್ಲಿ ಜಾರಿಬೀಳುತ್ತಿದ್ದವು. ಕೆಲವು ಕಣ್ಣುಗಳಿಂದ ಅವನ್ನು ಮರಳಿ ತೆಗೆಯಬೇಕಾಯಿತು. ಆದರೆ ಗುಣ ಕಂಡ ಕಣ್ಣುಗಳನ್ನು ಪರೀಕ್ಷಿಸದೆಯೇ ತಿರಸ್ಕರಿಸಿದ್ದು ವಿಜ್ಞಾನದ ರೀತಿಯಾಗಿರಲಿಲ್ಲ. ವರ್ಷಗಳ ಕಾಲ ನಡೆದ ಈ ಅವಹೇಳನದಿಂದ ರಿಡ್ಲಿಯವರ ಮನಸ್ಸು ಬಹಳವಾಗಿ ಕುಗ್ಗಿತು.

ಆದರೂ ಅವರು ಕೈಬಿಡಲಿಲ್ಲ. 1966ರಲ್ಲಿ ಶಿಷ್ಯ ಪೀಟರ್ ಚಾಯ್ಸ್ ಅವರೊಡಗೂಡಿ, ಮಸೂರ ಜೋಡಿಸುವ ವೈದ್ಯರ ಅಂತರರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಇತರ ದೇಶಗಳ ವೈದ್ಯರು ಮಸೂರವನ್ನು ಹಗುರಗೊಳಿಸಿದರು, ಶಸ್ತ್ರಕ್ರಿಯೆಯನ್ನು ನಯಗೊಳಿಸಿದರು. 1992ರಲ್ಲಿ ಮಧುರೆಯಲ್ಲಿ ಅರವಿಂದ ಕಣ್ಣಾಸ್ಪತ್ರೆಯ ಆಶ್ರಯದಲ್ಲಿ ಆರೋಲ್ಯಾಬ್ ಪ್ರಾರಂಭವಾದ ಮೇಲೆ ಭಾರತದ ಬಡವರಿಗೂ ಅಗ್ಗದ ಬೆಲೆಗೆ ಮಸೂರ ದೊರಕುವಂತಾಯಿತು.

ರಿಡ್ಲಿಯವರಿಗೆ ಗೌರವ ತಡವಾಗಿ ಬಂದಿತು. 1986ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರಕಿದಾಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಮರುವರ್ಷ, ಯುದ್ಧದಲ್ಲಿ ಗಾಯಗೊಂಡಿದ್ದ ಕ್ಲೀವರನ ಉಳಿದ ಒಂದು ಕಣ್ಣಿಗೂ ಪೊರೆ ಬಂದು, ಅದಕ್ಕೆ ಕೃತಕ ಮಸೂರವನ್ನೇ ಜೋಡಿಸಲಾಯಿತು. ವೃದ್ಧಾಪ್ಯದಲ್ಲಿ ಸ್ವತಃ ರಿಡ್ಲಿಯವರ ಎರಡು ಕಣ್ಣುಗಳಿಗೂ ಪೊರೆ ಕವಿಯಿತು. ತಾವು ಮೊದಲ ಮಸೂರವನ್ನಿಟ್ಟ ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ ಅವರು ಮಸೂರಗಳನ್ನು ಜೋಡಿಸಿಕೊಂಡರು. 2000ದಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿಯನ್ನಿತ್ತಿತು. 2001ರ ಮೇ 25ರಂದು, ತಮ್ಮ 94ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.